ಕ್ಷೌರದಂಗಡಿಯ ಬಿಪಿ ಯಂತ್ರ

ಲಾಸ್ ಏಂಜಲೀಸ್

ತೀರ್ಥರೂಪರಾದ ಅಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ತಲೆ ಸುತ್ತಿದ ದಿನ ಮಾತ್ರ ಬಿಪಿ ಮಾತ್ರೆ ನುಂಗಿ, ಉಳಿದ ದಿನ ಡಬ್ಬಿಯಲ್ಲೇ ಬಿಡುತ್ತೀರೆಂದು ಅಮ್ಮ ಫೋನಿನಲ್ಲಿ ದೂರು ಹೇಳಿದಳು. ನಾನೇನೂ ಬೈಯುವುದಿಲ್ಲ. ಬೈದರೆ ಕೇಳುವವರೂ ನೀವಲ್ಲ. ಇಲ್ಲಿನ ಒಂದು ಕ್ಷೌರದಂಗಡಿಯ ಸುದ್ದಿ ಹೇಳುತ್ತೇನೆ, ಅಷ್ಟೇ.

ನಾನು ಹೋಗುವುದು ಆಫ್ರಿಕನ್ ಅಮೆರಿಕನ್ನರ ಅಂಗಡಿಗೆ. ಹರಟೆ ಥೇಟ್ ನಮ್ಮ ತಿಪಟೂರಿನದೇ. ಕೊಬ್ಬರಿ ಧಾರಣೆಯ ಜಾಗದಲ್ಲಿ ಬಾಸ್ಕೆಟ್‌ಬಾಲ್. ಕನ್ನಡಿಯ ಪಕ್ಕದಲ್ಲಿ ಬಿಪಿ ಯಂತ್ರವೊಂದು ಇದೆ. ಯಾರೋ ಮರೆತು ಹೋಗಿದ್ದಾರೆ ಎಂದುಕೊಂಡಿದ್ದೆ. ಮೊನ್ನೆ ಹಿರಿಯರೊಬ್ಬರು ಕುರ್ಚಿಯಲ್ಲಿ ಕುಳಿತರು. ಕ್ಷೌರಿಕ ಅವರ ತೋಳಿಗೆ ಪಟ್ಟಿ ಸುತ್ತಿ, ಐದು ನಿಮಿಷ ಮಾತಾಡಕೂಡದು ಎಂದ. ಅಂಗಡಿಗೆ ಅಂಗಡಿಯೇ ಸುಮ್ಮನಾಯಿತು. 148 ಬಂತು ನೋಡಿ, ಬೆಂಚಿನಲ್ಲಿದ್ದವರೆಲ್ಲ ಮುಗಿಬಿದ್ದರು: ಭಾನುವಾರ ಏನು ತಿಂದೆ, ಮಾತ್ರೆ ಎಷ್ಟು ದಿನ ತಪ್ಪಿಸಿದೆ? ಇದನ್ನೇ ಮಗ ಕೇಳಿದ್ದರೆ ಎದ್ದು ಹೋಗುತ್ತಿದ್ದರೇನೋ. ಗೆಳೆಯರೆದುರು ಮಾತ್ರ ಕಳ್ಳನಗೆ ನಕ್ಕು ಒಪ್ಪಿಕೊಂಡರು.

ಈ ಊರಿನಲ್ಲಿ ಇದು ಹೊಸದಲ್ಲ. ಡಾ. ರೊನಾಲ್ಡ್ ವಿಕ್ಟರ್ ಎಂಬ ಹೃದ್ರೋಗ ತಜ್ಞರು 52 ಕ್ಷೌರದಂಗಡಿಗಳ 319 ಗಿರಾಕಿಗಳೊಂದಿಗೆ ನಡೆಸಿದ ಪ್ರಯೋಗ 2018ರಲ್ಲಿ ಪ್ರಕಟವಾಯಿತು. ಪಾಪ, ಅವರು ಅದೇ ವರ್ಷ ತೀರಿಕೊಂಡರು. ಕೆಲವು ಅಂಗಡಿಗಳಿಗೆ ಫಾರ್ಮಸಿಸ್ಟರೇ ಬಂದು, ವೈದ್ಯರೊಂದಿಗಿನ ಒಪ್ಪಂದದಂತೆ ಮಾತ್ರೆ ಬರೆದುಕೊಟ್ಟರು. ಆರು ತಿಂಗಳಲ್ಲಿ ಅಲ್ಲಿಯವರ ಮೇಲಿನ ಸಂಖ್ಯೆ ಸರಾಸರಿ 153ರಿಂದ 126ಕ್ಕೆ ಇಳಿಯಿತು. ಉಳಿದ ಅಂಗಡಿಗಳಲ್ಲಿ ಕ್ಷೌರಿಕ ಬುದ್ಧಿಮಾತು ಹೇಳಿ, ಡಾಕ್ಟರನ್ನು ನೋಡಿ ಎಂದದ್ದಷ್ಟೇ. ಅಲ್ಲಿ ಇಳಿದದ್ದು 9. ಹರಟೆಯ ಜೊತೆಗೆ ಮಾತ್ರೆಯೂ ಹೊಟ್ಟೆಗೆ ಹೋಗಬೇಕು ಅಪ್ಪ.

ಮುಂದಿನ ತಿಂಗಳು ಊರಿಗೆ ಬರುವ ಗೆಳೆಯನ ಕೈಯಲ್ಲಿ ಯಂತ್ರ ಕಳುಹಿಸುತ್ತಿದ್ದೇನೆ. ಮನೆಯಲ್ಲಿ ಇಡಬೇಡಿ, ಬೀರು ಸೇರುತ್ತದೆ. ಕೊಬ್ಬರಿ ಮಂಡಿಯಲ್ಲಿಡಿ. ಬೆಳಿಗ್ಗೆ ಪೇಪರ್ ಓದಲು ಬರುವ ಶೆಟ್ಟರು, ಮೇಷ್ಟ್ರು ಎಲ್ಲರೂ ನೋಡಿಕೊಳ್ಳಲಿ. ಶೆಟ್ಟರಿಗೂ ಬಿಪಿ ಇದೆಯಲ್ಲವೇ? ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು. ಬೆನ್ನು ಒರಗಿಸಿ, ಪಾದ ನೆಲಕ್ಕೂರಿ ಕುಳಿತುಕೊಳ್ಳಿ. ಚಕ್ಕಳಮಕ್ಕಳ ಹಾಕಬೇಡಿ. ಪಟ್ಟಿಯನ್ನು ಅಂಗಿಯ ಮೇಲೆ ಸುತ್ತಬೇಡಿ, ತೋಳು ಎದೆಯ ಮಟ್ಟದಲ್ಲಿರಲಿ. ಕೊಬ್ಬರಿ ಲೆಕ್ಕದಲ್ಲಿ ಒಂದು ದಿನವೂ ತಪ್ಪದವರು ನೀವು. ಅದೇ ಪುಸ್ತಕದ ಕೊನೆಯ ಪುಟದಲ್ಲಿ ಎಲ್ಲರ ಸಂಖ್ಯೆಯನ್ನೂ ಬರೆದಿಡಿ. ಡಾಕ್ಟರ ಬಳಿ ಹೋಗುವಾಗ ಆ ಪುಟ ತೋರಿಸಿ. ಮಾತ್ರೆ ಬಿಡುವುದೋ, ಕಡಿಮೆ ಮಾಡುವುದೋ ಅವರೇ ಹೇಳಲಿ. ಶೆಟ್ಟರು ಹೇಳುವುದು ಬೇಡ.

ಅದೇ ಗೆಳೆಯನ ಕೈಯಲ್ಲಿ ಮಿಡಿ ಉಪ್ಪಿನಕಾಯಿ ಕಳುಹಿಸುವುದು ಬೇಡವೆಂದು ಅಮ್ಮನಿಗೆ ಹೇಳಿ. ಮೊನ್ನೆ ಆ ಹಿರಿಯರಾದ ಮೇಲೆ ನನ್ನ ತೋಳಿಗೂ ಪಟ್ಟಿ ಸುತ್ತಿದರು. 138 ಬಂತು. ಬೆಂಚಿನವರು ನನ್ನನ್ನೂ ಬಿಡಲಿಲ್ಲ.

ಇತಿ ನಿಮ್ಮ ಮಗ