ಟಿಸಿ ತೆಗೆದುಕೊಳ್ಳುವ ಮುಂಚೆ ಒಂದು ಮಾತು

ಮಾನ್ಯ ಸಂಪಾದಕರೇ,

ನಮ್ಮ ಬೀದಿಯ ಒಬ್ಬ ಹುಡುಗನಿಗೆ ಕಂಪನಿಯವರು ಹೈದರಾಬಾದಿಗೆ ಹೋಗಿ ಅಂದಿದ್ದಾರಂತೆ. ಹೋದ ಭಾನುವಾರ ಗಂಡ ಹೆಂಡತಿ ಇಬ್ಬರೂ ಮನೆಗೆ ಬಂದಿದ್ದರು. "ಹೋಗೋದಾ ಬೇಡ್ವಾ ಅಕ್ಕಾ, ನೀವು ಇದ್ದು ಬಂದವರು, ಹೇಳಿ" ಅಂದರು. ನಾನು ಬಾಯಿ ತೆಗೆಯುವ ಮುಂಚೆ ಅವನ ಹೆಂಡತಿಯೇ "ಅಲ್ಲೂ ತೆಲುಗೇ ಅಲ್ವಾ, ನಮಗೇನು ಕಷ್ಟ" ಅಂದಳು. 2016ರಲ್ಲಿ ನಾನೂ ಇದೇ ಮಾತು ಹೇಳಿಕೊಂಡು ಹೊರಟಿದ್ದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಇದೇ ಯೋಚನೆಯಲ್ಲಿರುವ ಮನೆಗಳು ಬೇಕಾದಷ್ಟಿವೆ.

ಕೋಲಾರದ ಕಡೆಯವರಿಗೆ ಬೇರೆ ರಾಜ್ಯ ಅಂದರೆ ಭಯವಿಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ಅಡುಗೆಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ. ನಂಗಲಿ ದಾಟಿದರೆ ಆಂಧ್ರ. ಮಾಲೂರಿನಿಂದ ಸ್ವಲ್ಪ ದೂರ ಹೋದರೆ ಹೊಸೂರು. ಹೆಣ್ಣು ಕೊಡುವುದು ತರುವುದು ಆಚೆಗೂ ಇದೆ, ಈಚೆಗೂ ಇದೆ. ಹಾಗಾಗಿ ಗಡಿ ಅನ್ನುವುದು ನಮಗೆ ರಸ್ತೆ ಪಕ್ಕದ ಒಂದು ಬೋರ್ಡು ಅಷ್ಟೇ. ಮಾತು ಗಡಿ ದಾಟುತ್ತದೆ, ಕಾಗದ ದಾಟುವುದಿಲ್ಲ ಅನ್ನುವುದು ನನಗೆ ಗೊತ್ತಾಗಲು ಎಂಟು ವರ್ಷ ಹಿಡಿಯಿತು.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಆ ಆರು ವರ್ಷ ನಾವು ಅಲ್ಲಿ ಚೆನ್ನಾಗಿಯೇ ಇದ್ದೆವು. ಕೋಲಾರದಿಂದ ಬೆಂಗಳೂರಿಗೆ ಹೆಚ್ಚೂಕಮ್ಮಿ 70 ಕಿಲೋಮೀಟರ್. ನನ್ನ ಗಂಡ ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ರಾತ್ರಿ ಒಂಬತ್ತೂವರೆಗೆ ಬರುತ್ತಿದ್ದರು. ಬಸ್ಸಿನಲ್ಲೇ ನಿದ್ದೆ. ಮಗಳು ಅಪ್ಪನನ್ನು ಎಚ್ಚರವಿದ್ದಾಗ ನೋಡುತ್ತಿದ್ದದ್ದು ಭಾನುವಾರ ಮಾತ್ರ. ಬಂಗಾರಪೇಟೆ, ಕೆಜಿಎಫ್ ಕಡೆಯಿಂದ ರೈಲಿನಲ್ಲಿ ನಿಂತುಕೊಂಡೇ ಹೋಗಿಬರುವವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹೈದರಾಬಾದಿನಲ್ಲಿ ಅವರು ಸಂಜೆ ಏಳಕ್ಕೆಲ್ಲ ಮನೆಯಲ್ಲಿರುತ್ತಿದ್ದರು, ಮಗಳ ಜೊತೆ ಕೂತು ಲೆಕ್ಕ ಹೇಳಿಕೊಡುತ್ತಿದ್ದರು. ಸಂಬಳ ಜಾಸ್ತಿಯಾಯಿತು. ಬೆಂಗಳೂರಿನಲ್ಲಿ ಕೇಳುವ ಬಾಡಿಗೆಗಿಂತ ಕಮ್ಮಿಗೆ ಮನೆ ಸಿಕ್ಕಿತು. ನಲ್ಲಿಯಲ್ಲಿ ನೀರು ಬರುತ್ತಿತ್ತು. ಸಾವಿರ ಅಡಿ ಕೊರೆದರೂ ಬೋರು ಒಣಗಿ, ಟ್ಯಾಂಕರ್‌ಗೆ ಫೋನ್ ಮಾಡಿ ಕಾದು ಅಭ್ಯಾಸವಾದ ನನಗೆ ಅದೇ ದೊಡ್ಡ ವಿಷಯ. ಇದೆಲ್ಲ ನಿಜ, ಯಾವುದನ್ನೂ ಸಣ್ಣದು ಅನ್ನುವುದಿಲ್ಲ.

ಭಾಷೆಯ ವಿಷಯದಲ್ಲಿ ಮಾತ್ರ ನಮ್ಮ ಲೆಕ್ಕ ಅರ್ಧ ತಪ್ಪಾಯಿತು. ನಮ್ಮದು ಕನ್ನಡ ಬೆರೆತ ತೆಲುಗು. ಬಾಯಿ ತೆಗೆದರೆ ಸಾಕು, ಅಂಗಡಿಯವರು "ಮೀದಿ ಏ ಊರಮ್ಮಾ?" ಅಂತ ಕೇಳುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದರು, ಆದರೂ ನಾವು ಹೊರಗಿನವರು ಅನ್ನುವುದು ಆ ಒಂದು ಪ್ರಶ್ನೆಯಲ್ಲೇ ಗೊತ್ತಾಗುತ್ತಿತ್ತು. ತೆಲಂಗಾಣದಲ್ಲಿ 2018ರ ಕಾನೂನಿನ ಪ್ರಕಾರ ಎಲ್ಲ ಸ್ಕೂಲುಗಳಲ್ಲೂ ಹತ್ತನೇ ಕ್ಲಾಸಿನವರೆಗೆ ತೆಲುಗು ಕಲಿಸಬೇಕು. ಅದು ಸರಿಯಾದದ್ದೇ, ನಮ್ಮಲ್ಲೂ ಕನ್ನಡಕ್ಕೆ ಅಂಥದೇ ಕಾನೂನಿದೆ. ಮಗಳು ತೆಲುಗು ಓದುವುದನ್ನು ಬೇಗ ಕಲಿತಳು. ಕಲಿತಷ್ಟೇ ಬೇಗ ಕನ್ನಡ ಬಿಟ್ಟುಹೋಯಿತು. ನಾಲ್ಕನೇ ಕ್ಲಾಸಿನವರೆಗೆ ಪದ್ಯ ಬಾಯಿಪಾಠ ಒಪ್ಪಿಸುತ್ತಿದ್ದವಳು ಅಜ್ಜಿಗೆ ಕಾಗದ ಬರೆಯಲು ಕೂತರೆ ತಲೆಕಟ್ಟನ್ನು ತೆಲುಗಿನವರ ಹಾಗೆ ಮೇಲಕ್ಕೆ ಚಿಮ್ಮಿಸುತ್ತಿದ್ದಳು, ಸರಿ ಗುರುತು ಹಾಕಿದ ಹಾಗೆ. ಈಗಲೂ ನಿಮ್ಮ ಪತ್ರಿಕೆಯನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಾಳೆ. ಅದು ನನ್ನ ತಪ್ಪು. ದಿನಾ ಹದಿನೈದು ನಿಮಿಷ ಕೂರಿಸಿಕೊಂಡು ಓದಿಸಿದ್ದರೆ ಉಳಿಯುತ್ತಿತ್ತು.

ಊರಿನ ಚಿಂತೆ ಎಲ್ಲರಿಗೂ ಇರುತ್ತದೆ, ಅದನ್ನು ಜಾಸ್ತಿ ಬೆಳೆಸುವುದಿಲ್ಲ. ಹೈದರಾಬಾದಿನಿಂದ ಬೆಂಗಳೂರೇ 570 ಕಿಲೋಮೀಟರ್, ಒಂದು ರಾತ್ರಿಯ ಪ್ರಯಾಣ. ಅವರೆಕಾಯಿ ಕಾಲದಲ್ಲಿ ಅತ್ತೆ ಹಿದುಕಿದ ಬೇಳೆಯನ್ನು ಡಬ್ಬಿಯಲ್ಲಿ ಕಟ್ಟಿ, ರಾಗಿಹಿಟ್ಟಿನ ಜೊತೆ ಯಾರ ಕೈಯಲ್ಲಾದರೂ ಕಳಿಸುತ್ತಿದ್ದರು. ಅಷ್ಟರಲ್ಲೇ ಸಮಾಧಾನ ಮಾಡಿಕೊಳ್ಳುತ್ತಿದ್ದೆವು. ಆದರೆ 2020ರ ಲಾಕ್‌ಡೌನಿನಲ್ಲಿ ಮಾವನವರು ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಆಗ ಬೇರೆ ರಾಜ್ಯದಿಂದ ಕರ್ನಾಟಕದೊಳಗೆ ಬರಲು ಸೇವಾಸಿಂಧುವಿನಲ್ಲಿ ಪಾಸ್ ತೆಗೆದುಕೊಳ್ಳಬೇಕಿತ್ತು. ಅರ್ಜಿ ಹಾಕಿ, ಮೊಬೈಲು ಕೈಯಲ್ಲಿ ಹಿಡಿದುಕೊಂಡು ಕಾದೆವು. ಬೆಂಗಳೂರಿನಲ್ಲೇ ಇದ್ದಿದ್ದರೂ ಆಗ ಕಷ್ಟವೇ ಇತ್ತು, ಗೊತ್ತು. ಆದರೂ ಬೋರ್ಡು ಅಂದುಕೊಂಡಿದ್ದ ಗಡಿಗೆ ಗೇಟು ಇದೆ ಅಂತ ನನಗೆ ಕಂಡದ್ದು ಅವತ್ತು. ಅಕ್ಕಪಕ್ಕದ ಮನೆಯವರು ಮಾವನವರನ್ನು ಆಸ್ಪತ್ರೆಗೆ ಸೇರಿಸಿ, ಸರದಿ ಮೇಲೆ ರಾತ್ರಿ ಕಾದರು. ಆ ಋಣ ತೀರುವುದಿಲ್ಲ.

ಈಗ ಕಾಗದದ ವಿಷಯಕ್ಕೆ ಬರುತ್ತೇನೆ. ನಾನು ಈ ಪತ್ರ ಬರೆಯಲು ಕೂತದ್ದೇ ಇದಕ್ಕೆ.

ಮಗಳು ನಾಲ್ಕನೇ ಕ್ಲಾಸು ಮುಗಿಸಿದಾಗ ನಾವು ಹೊರಟೆವು. ಅಲ್ಲಿ ಐದರಿಂದ ಹತ್ತು. 2022ರಲ್ಲಿ ವಾಪಸ್ ಬಂದು ಇಲ್ಲಿ ಪಿಯುಸಿಗೆ ಸೇರಿಸಿದೆವು. 2024ರಲ್ಲಿ ಸಿಇಟಿ ಅರ್ಜಿ ತುಂಬಲು ಕೂತಾಗ ಕಾಲೇಜಿನ ಒಬ್ಬ ಮೇಷ್ಟ್ರು ಬೆರಳು ಮಡಚಿ ಲೆಕ್ಕ ಹಾಕಿದರು. "ಒಂದು ವರ್ಷ ಕಮ್ಮಿ ಬೀಳ್ತದಲ್ಲಮ್ಮಾ" ಅಂದರು. ಸಿಇಟಿಯಲ್ಲಿ ಸರ್ಕಾರಿ ಸೀಟು ಬೇಕಾದರೆ ಒಂದನೇ ಕ್ಲಾಸಿನಿಂದ ಎರಡನೇ ಪಿಯುಸಿ ತನಕದ ಓದಿನಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ನಮ್ಮ ಮಗಳದ್ದು ನಾಲ್ಕು ಮತ್ತು ಎರಡು, ಆರು. ತೆಲಂಗಾಣದಲ್ಲಿ ಸ್ಥಳೀಯ ವಿದ್ಯಾರ್ಥಿ ಅನ್ನಿಸಿಕೊಳ್ಳಬೇಕಾದರೆ ಅರ್ಹತಾ ಪರೀಕ್ಷೆಗೆ ಮುಂಚಿನ ನಾಲ್ಕು ವರ್ಷ ಸತತವಾಗಿ ಅಲ್ಲೇ ಓದಿರಬೇಕು, ಪಿಯುಸಿಗೆ ಈಚೆ ಕರೆತಂದ ಮೇಲೆ ಅದೂ ಇಲ್ಲ. ಅಂದರೆ ಇಲ್ಲೇ ಹುಟ್ಟಿದ ಹುಡುಗಿ ಎರಡೂ ಕಡೆಗೆ ಇಲ್ಲವಾದಳು. ಒಂದೇ ಒಂದು ವರ್ಷ ತಡೆದು ಐದನೇ ಕ್ಲಾಸು ಮುಗಿಸಿಕೊಂಡು ಹೋಗಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ.

ಆ ಮೇಷ್ಟ್ರೇ ಇನ್ನೊಂದು ದಾರಿ ತೋರಿಸಿದರು. ಮಗು ಎರಡೂ ವರ್ಷ ಪಿಯುಸಿ ಇಲ್ಲೇ ಓದಿ ಪಾಸಾಗಿ, ಅಪ್ಪ ಅಮ್ಮನಲ್ಲಿ ಒಬ್ಬರು ಕರ್ನಾಟಕದಲ್ಲಿ ಏಳು ವರ್ಷ ಓದಿದ್ದರೆ ಅದಕ್ಕೂ ಒಂದು ಕಲಮು ಇದೆ. ನನ್ನ ಗಂಡ ಓದಿದ್ದು ಕುಪ್ಪಂನಲ್ಲಿ, ಸೋದರಮಾವನ ಮನೆಯಲ್ಲಿದ್ದುಕೊಂಡು. ಕುಪ್ಪಂ ಆಂಧ್ರ. ಉಳಿದದ್ದು ನಾನು.

ಮುಳಬಾಗಿಲು ತಾಲ್ಲೂಕಿನ ನಮ್ಮ ಹಳ್ಳಿಯ ಸರ್ಕಾರಿ ಶಾಲೆಗೆ ಎಷ್ಟೋ ವರ್ಷದ ಮೇಲೆ ಹೋದೆ. ಹೆಡ್‌ಮೇಡಂ ಬೀರುವಿನಿಂದ ಹಳೇ ದಾಖಲಾತಿ ಪುಸ್ತಕ ತೆಗೆದರು. ರಟ್ಟು ಬಿಟ್ಟುಕೊಂಡಿತ್ತು, ದಾರ ಕಟ್ಟಿದ್ದರು. ಹಾಳೆ ತಿರುವಿದರೆ ಅಂಚು ಪುಡಿಯಾಗಿ ಮೇಜಿನ ಮೇಲೆ ಬೀಳುತ್ತಿತ್ತು. ನೀಲಿ ಇಂಕಿನಲ್ಲಿ ನನ್ನ ಹೆಸರು, ಪಕ್ಕದಲ್ಲಿ ನಮ್ಮಪ್ಪನ ಹೆಬ್ಬೆಟ್ಟು. ಅಪ್ಪ ಹೋಗಿ ಹನ್ನೊಂದು ವರ್ಷವಾಗಿತ್ತು. ಅದನ್ನು ನೋಡುತ್ತಾ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಒಂದರಿಂದ ಏಳು, ಸರಿಯಾಗಿ ಏಳು ವರ್ಷ. ಆದರೆ ಪುಸ್ತಕದಲ್ಲಿರುವ ಹೆಸರೇ ಬೇರೆ, ಮದುವೆಯಾದ ಮೇಲೆ ಆಧಾರ್‌ನಲ್ಲಿ ಬಂದಿರುವ ಹೆಸರೇ ಬೇರೆ. ಅದಕ್ಕೆ ನೋಟರಿ ಹತ್ತಿರ ಅಫಿಡವಿಟ್ಟು. ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ. ಮೂರು ಸಲ ಓಡಾಡಿ, ಕೊನೆಗೆ ದಾಖಲೆ ಪರಿಶೀಲನೆಗೆ ಎಲ್ಲ ಸೇರಿಸಿದೆವು. ಮಗಳಿಗೆ ಸೀಟು ಸಿಕ್ಕಿತು. ನನ್ನನ್ನು ಏಳನೇ ಕ್ಲಾಸಿಗೆ ಬಿಡಿಸದೆ ಆರಕ್ಕೇ ಬಿಡಿಸಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ. ನನ್ನ ಜೊತೆ ಓದಿದ ಎಷ್ಟೋ ಹುಡುಗಿಯರನ್ನು ಅದಕ್ಕೂ ಮುಂಚೆಯೇ ಬಿಡಿಸಿದ್ದರು.

ಇದು ಒಂದು ಕಾಗದದ ಕಥೆ. ಜಾತಿ ಸರ್ಟಿಫಿಕೇಟಿನದು ಇದಕ್ಕಿಂತ ದೊಡ್ಡದು. ಪ್ರವರ್ಗ 1, 2ಎ, 3ಎ ಎಲ್ಲ ಕರ್ನಾಟಕ ಸರ್ಕಾರದ ಪಟ್ಟಿ, ಆಚೆಗೆ ಅದು ಲೆಕ್ಕಕ್ಕಿಲ್ಲ. ಪರಿಶಿಷ್ಟ ಜಾತಿಯವರಿಗೂ ಹಾಗೇ. ಒಂದು ರಾಜ್ಯದ ಪಟ್ಟಿಯಲ್ಲಿರುವವರು ಕೆಲಸಕ್ಕೆ ಅಂತ ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿನ ಸರ್ಕಾರದ ಮೀಸಲಾತಿ ಕೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟು 1990ರಲ್ಲೂ ಹೇಳಿದೆ, 2018ರಲ್ಲೂ ಹೇಳಿದೆ. ಕೇಂದ್ರ ಸರ್ಕಾರದ ಕೆಲಸಕ್ಕೆ ಇಲ್ಲಿನ ಸರ್ಟಿಫಿಕೇಟೇ ನಡೆಯುತ್ತದೆ, ಅದು ಬೇರೆ ಮಾತು. ನಮ್ಮ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರೇ ಸುಮಾರು 30 ಪರ್ಸೆಂಟ್ ಇದ್ದಾರೆ. ಹೊರಡುವ ಮುಂಚೆ ಈ ಮಾತನ್ನು ಅವರಿಗೆ ಹೇಳುವವರು ಯಾರು?

ಉಳಿದವು ಸಣ್ಣವು, ಆದರೆ ಜೇಬಿಗೆ ತಗಲುತ್ತವೆ. ನಮ್ಮ ಕೆಎ 07 ಕಾರನ್ನು ಒಂದು ವರ್ಷಕ್ಕಿಂತ ಜಾಸ್ತಿ ಅಲ್ಲೇ ಇಟ್ಟುಕೊಂಡರೆ ಅಲ್ಲಿನ ನಂಬರು ಮಾಡಿಸಬೇಕು, ಅದಕ್ಕೆ ಇಲ್ಲಿನ ಆರ್‌ಟಿಒ ಎನ್ಒಸಿ, ಅಲ್ಲಿ ಮತ್ತೆ ತೆರಿಗೆ. ನಾವು ಮಾರಿಯೇ ಬಿಟ್ಟೆವು. ನಾಲ್ಕು ಅಥವಾ ಜಾಸ್ತಿ ರಾಜ್ಯಗಳಲ್ಲಿ ಆಫೀಸಿರುವ ಕಂಪನಿಯಲ್ಲಿ ಕೆಲಸವಿದ್ದರೆ 2021ರಿಂದ ಬಿಎಚ್ ನಂಬರು ಸಿಗುತ್ತದೆ, ರಾಜ್ಯ ಬದಲಾದರೂ ಅದೇ ನಂಬರು ನಡೆಯುತ್ತದೆ, ಹೊಸ ಗಾಡಿ ತೆಗೆಯುವವರು ಅದನ್ನು ಕೇಳಿ. ಪಡಿತರ ಕಾರ್ಡಿನ ಅಕ್ಕಿ ಈಗ ಯಾವ ರಾಜ್ಯದಲ್ಲಾದರೂ ತೆಗೆದುಕೊಳ್ಳಬಹುದು. ಬಸ್ಸು ಹಾಗಲ್ಲ. ನಮ್ಮ ಶಕ್ತಿ ಯೋಜನೆ ಇರುವುದು ಕರ್ನಾಟಕದ ಹೆಂಗಸರಿಗೆ. ತೆಲಂಗಾಣದಲ್ಲೂ 2023ರ ಡಿಸೆಂಬರಿನಿಂದ ಹೆಂಗಸರಿಗೆ ಬಸ್ಸು ಉಚಿತ, ಆದರೆ ಅಲ್ಲಿನ ವಿಳಾಸ ಇರಬೇಕು. ವಿಳಾಸ ಬದಲಾಯಿಸಿದರೆ ಇಲ್ಲಿನದು ಹೋಗುತ್ತದೆ, ಬದಲಾಯಿಸದಿದ್ದರೆ ಅಲ್ಲಿನದು ಸಿಗುವುದಿಲ್ಲ. ಒಂದು ಸಲ ಕೂತು ತೀರ್ಮಾನ ಮಾಡಿಕೊಂಡು ಹೋದರೆ ಒಳ್ಳೆಯದು.

ಇನ್ನೊಂದು ಮಾತು. ನಾವು ಹೊರಟಾಗ ಇದ್ದಷ್ಟೇ ಕೆಲಸ ಈಗಲೂ ಇರುವುದಲ್ಲ. ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗಳು ಬಂದಿವೆ, ಐಫೋನ್ ಜೋಡಿಸುವ ಫ್ಯಾಕ್ಟರಿಯೂ ನರಸಾಪುರದಲ್ಲಿದೆ. ಮಾಲೂರಿನ ಕಡೆಯವರು ಮನೆ ಈಚೆ ಇಟ್ಟುಕೊಂಡು ಹೊಸೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. ಮಕ್ಕಳ ಸ್ಕೂಲು ಇಲ್ಲೇ ಉಳಿಯುತ್ತದೆ. ಹೋಗಬೇಡಿ ಅಂತ ಯಾರಿಗೂ ಹೇಳುವುದಿಲ್ಲ. ಸಂಬಳದ ಪಕ್ಕದಲ್ಲಿ ಮಗುವಿನ ಕ್ಲಾಸು ಎಷ್ಟನೆಯದು ಅಂತಲೂ ಬರೆದುಕೊಂಡು ನೋಡಿ ಅನ್ನುತ್ತೇನೆ. ಐದು ಮುಗಿಸಿಕೊಂಡು ಹೋಗಿ ಪಿಯುಸಿಗೆ ವಾಪಸ್ ಬಂದರೆ ಏಳು ವರ್ಷ ಆಗುತ್ತದೆ. ಇಲ್ಲವಾ, ಅಲ್ಲೇ ಹನ್ನೆರಡು ಮುಗಿಸುತ್ತೇವೆ ಅಂತ ಗಟ್ಟಿ ಮಾಡಿಕೊಂಡು ಹೋಗಿ. ನಮ್ಮ ಹಾಗೆ ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ.

ಶಿಕ್ಷಣ ಇಲಾಖೆಯವರಿಗೆ ನಿಮ್ಮ ಪತ್ರಿಕೆಯ ಮೂಲಕ ಒಂದೇ ಕೋರಿಕೆ. ಬೇರೆ ರಾಜ್ಯಕ್ಕೆ ಹೋಗುತ್ತೇವೆ ಅಂತ ಟಿಸಿ ಕೇಳಿದವರ ಕೈಗೆ ಟಿಸಿ ಜೊತೆ ಒಂದು ಹಾಳೆ ಕೊಡಿ. ಏಳು ವರ್ಷದ ನಿಯಮ, ಅಪ್ಪ ಅಮ್ಮನ ಓದಿನ ಕಲಮು, ಹೊರನಾಡು ಕನ್ನಡಿಗರಿಗೆ ಇರುವ ಅವಕಾಶ, ಇಷ್ಟು ಕನ್ನಡದಲ್ಲಿ ಇರಲಿ. ನಮಗೆ ಟಿಸಿ ಕೊಟ್ಟ ದಿನ ಶಾಲೆಯವರು ಎರಡು ಕಡೆ ಸಹಿ ಹಾಕಿಸಿಕೊಂಡು ಕಳಿಸಿದರು, ಯಾರೂ ಒಂದು ಮಾತು ಹೇಳಲಿಲ್ಲ. ಅವರಿಗೂ ಗೊತ್ತಿರಲಿಲ್ಲವೇನೋ.

ನಮ್ಮ ಬೀದಿಯ ಹುಡುಗನ ಮಗ ಈಗ ನಾಲ್ಕನೇ ಕ್ಲಾಸು. ಅವನ ಹೆಂಡತಿ ಓದಿದ್ದು ಆಂಧ್ರದ ಪಲಮನೇರಿನಲ್ಲಿ, ಅವನು ಹತ್ತರವರೆಗೂ ಇಲ್ಲೇ. ಹೋಗುವುದೋ ಬಿಡುವುದೋ ಇನ್ನೂ ತೀರ್ಮಾನವಾಗಿಲ್ಲ. ತಾನು ಓದಿದ ಸ್ಕೂಲಿಗೆ ಈ ಸೋಮವಾರವೇ ಹೋಗಿ ಹೆಸರು ಸರಿಯಿದೆಯಾ ನೋಡಿಕೊಂಡು ಬರುತ್ತೇನೆ ಅಂದಿದ್ದಾನೆ.

ಇಂತಿ,
ನಿಮ್ಮ ಓದುಗಳು, ಕೋಲಾರ