ಹತ್ತು ವರ್ಷದ ಮಾತ್ರೆ, ಊಟದ ಮೇಜಿನ ಕತ್ತರಿ

ಈ ವಾರಕ್ಕೆ ನಾನು ಆ ಮಾತ್ರೆ ಶುರು ಮಾಡಿ 10 ವರ್ಷ. ದಿನಕ್ಕೊಂದು, 400 ಮಿಲಿಗ್ರಾಂ. ರಾತ್ರಿ ಊಟ ಆದ ಕೂಡಲೇ ದೊಡ್ಡ ಲೋಟದ ತುಂಬ ನೀರಿನ ಜೊತೆ. ಮೊನ್ನೆ ಬಂದ ರಿಪೋರ್ಟಿನಲ್ಲೂ ಕಾಯಿಲೆಯ ಸುಳಿವಿಲ್ಲ.

ನನಗೆ ಬಂದದ್ದು ಸಿಎಂಎಲ್, ರಕ್ತದ ಕ್ಯಾನ್ಸರಿನಲ್ಲಿ ನಿಧಾನಕ್ಕೆ ಬೆಳೆಯುವ ಒಂದು ಬಗೆ. ಮೊದಮೊದಲು ಎಡ ಪಕ್ಕೆಯ ಕೆಳಗೆ ಏನೋ ಭಾರ. ಎರಡು ತುತ್ತು ಉಂಡರೆ ಹೊಟ್ಟೆ ತುಂಬಿದ ಹಾಗೆ. ಗ್ಯಾಸ್ಟ್ರಿಕ್ ಅಂತ ಒಬ್ಬರು ನಾಲ್ಕು ತಿಂಗಳು ಔಷಧಿ ಕೊಟ್ಟರು. ತುಮಕೂರಿನ ಅರ್ಧ ಬೀದಿಗೆ ರವಿಕೆ ಹೊಲಿಯುವವಳಿಗೆ ತನ್ನ ರವಿಕೆಯ ತೋಳು ಸಡಿಲ ಆಗಿದ್ದು ಗೊತ್ತಾಗಲಿಲ್ಲ ನೋಡಿ! ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿ ಕಣ 2 ಲಕ್ಷದ ಮೇಲಿತ್ತು. ಸಾಮಾನ್ಯವಾಗಿ 11 ಸಾವಿರ ದಾಟುವುದಿಲ್ಲವಂತೆ. ಪಕ್ಕೆಯ ಭಾರ ಊದಿಕೊಂಡ ಗುಲ್ಮದ್ದು, ಅಂದರೆ ಸ್ಪ್ಲೀನಿನದ್ದು.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಡಾಕ್ಟರು ಕೆಲಸ ಏನು ಅಂತ ಕೇಳಿದರು. ಟೈಲರಿಂಗ್ ಅಂದೆ. "ಮೋಟಾರ್ ಮೆಷಿನ್ ಪೆಡಲ್ ಒತ್ತಿಕೊಂಡೇ ಸಿಕ್ಕಿಹಾಕಿಕೊಂಡರೆ ಏನಾಗುತ್ತೆ? ಸೂಜಿ ನಿಲ್ಲಲ್ಲ ಅಲ್ವಾ? ರಕ್ತ ತಯಾರಾಗೋ ನಿಮ್ಮ ಮೂಳೆಮಜ್ಜೆಯಲ್ಲಿ ಅದೇ ಆಗಿರೋದಮ್ಮ, ಬಿಳಿ ಕಣ ಹುಟ್ಟೋದು ನಿಲ್ತಿಲ್ಲ. ಈ ಇಮ್ಯಾಟಿನಿಬ್ ಮಾತ್ರೆ ಪೆಡಲ್ ಕೆಳಗೆ ಕೊಡೋ ಮರದ ತುಂಡು" ಅಂದರು. ಅಷ್ಟು ಸಾಕಾಯಿತು ನನಗೆ. ಆ ಡಾಕ್ಟರಿಗೆ ಮೊದಲ ನಮಸ್ಕಾರ.

ಆ ಪೆಡಲ್ ಎಲ್ಲಿ ಸಿಕ್ಕಿಕೊಂಡಿದೆ ಅಂತ ಕಂಡುಹಿಡಿದವರ ಕಥೆ ಮಗಳು ಆಮೇಲೆ ಓದಿ ಹೇಳಿದಳು. ನಮ್ಮ ಜೀವಕೋಶಗಳ ಒಳಗೆ ವಂಶದ ಗುಣ ಹೊತ್ತ ದಾರದಂಥ ಕ್ರೋಮೋಸೋಮುಗಳು ಇರುತ್ತವಂತೆ. ಈ ಕಾಯಿಲೆಯವರ ರಕ್ತದಲ್ಲಿ ಅದರಲ್ಲೊಂದು ಗಿಡ್ಡವಾಗಿರುತ್ತದೆ ಅಂತ 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್, ಡೇವಿಡ್ ಹಂಗರ್‌ಫೋರ್ಡ್ ತೋರಿಸಿದರು. ಕತ್ತರಿಸಿಹೋದ ತುಂಡು ಎಲ್ಲಿ ಹೋಯಿತು? ಅದನ್ನು ಹುಡುಕಿದವರು ಶಿಕಾಗೋದ ಜಾನೆಟ್ ರೌಲಿ. ನಾಲ್ಕು ಗಂಡುಮಕ್ಕಳ ತಾಯಿ. ಮಕ್ಕಳು ಚಿಕ್ಕವರು ಅಂತ ಎಷ್ಟೋ ವರ್ಷ ವಾರದಲ್ಲಿ ಕೆಲವು ದಿನ ಮಾತ್ರ ಕೆಲಸಕ್ಕೆ ಹೋಗುತ್ತಿದ್ದರು. ಕ್ರೋಮೋಸೋಮುಗಳ ಫೋಟೋ ಮನೆಗೆ ತಂದು, ಊಟದ ಮೇಜಿನ ಮೇಲೆ ಹರಡಿ, ಕತ್ತರಿಯಲ್ಲಿ ಒಂದೊಂದೇ ಕತ್ತರಿಸಿ ಜೋಡಿ ಮಾಡುತ್ತಿದ್ದರಂತೆ. ಅಮ್ಮ ಕಾಗದದ ಗೊಂಬೆ ಆಡುತ್ತಾಳೆ ಅಂತ ಮಕ್ಕಳು ರೇಗಿಸುತ್ತಿದ್ದರಂತೆ. ಹಾಗೆ ಕತ್ತರಿಸುವಾಗಲೇ ಕಂಡಿದ್ದು: ಗಿಡ್ಡವಾಗಿದ್ದ 22ನೆಯ ಕ್ರೋಮೋಸೋಮಿನ ತುಂಡು ಕಳೆದಿಲ್ಲ, 9ನೆಯದರ ತುದಿಗೆ ಅಂಟಿದೆ. 1973ರಲ್ಲಿ ಅದನ್ನು ಪ್ರಕಟಿಸಿದರು. 9ರ ಚೂರೂ 22ಕ್ಕೆ ಬಂದು ಸೇರಿದೆ ಅಂತ ಆಮೇಲೆ ಬೇರೆಯವರು ತೋರಿಸಿದರು. ಆ ತಪ್ಪು ಹೊಲಿಗೆಯ ಜಾಗದಲ್ಲೇ ಪೆಡಲ್ ಸಿಕ್ಕಿಕೊಳ್ಳುವುದು.

ಇದನ್ನು ಕೇಳಿದ ದಿನ ನಾನು ಕತ್ತರಿ ಕೆಳಗಿಟ್ಟು ಸುಮ್ನೆ ಕೂತುಬಿಟ್ಟೆ.

ಮಾತ್ರೆ ಕಂಪನಿಯ ಲ್ಯಾಬಿನಲ್ಲಿ ತಯಾರಾಯಿತು. ಅದನ್ನು ರೋಗಿಗಳಿಗೆ ಕೊಡಲೇಬೇಕು ಅಂತ ಹಠ ಹಿಡಿದವರು ಅಮೆರಿಕದ ಕ್ಯಾನ್ಸರ್ ಡಾಕ್ಟರು ಬ್ರಯನ್ ಡ್ರೂಕರ್. 1998ರಲ್ಲಿ ಪ್ರಯೋಗ ಶುರುವಾಯಿತು. 300 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ತೆಗೆದುಕೊಂಡ 54 ಜನರಲ್ಲಿ 53 ಜನರ ರಕ್ತದ ಲೆಕ್ಕ ಸರಿಹೋಯಿತು. 2001ರ ಮೇನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದಕ್ಕೆ ಮುಂಚೆ ಮಜ್ಜೆ ಕಸಿ ಮಾಡಿಸಬೇಕಿತ್ತು, ಇಲ್ಲದಿದ್ದರೆ ಸುಸ್ತು ಮಾಡಿಹಾಕುವ ಇಂಟರ್‌ಫೆರಾನ್ ಇಂಜೆಕ್ಷನ್.

ದುಡ್ಡಿನ ಮಾತೂ ಹೇಳಬೇಕು. ಮೂಲ ಕಂಪನಿಯ ಮಾತ್ರೆಗೆ ತಿಂಗಳಿಗೆ ಲಕ್ಷದ ಮೇಲಾಗುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಆ ಕಂಪನಿಗೆ ಪೇಟೆಂಟ್ ಕೊಡುವುದಿಲ್ಲ ಅಂದಿತು. ಹಾಗಾಗಿ ನಮ್ಮ ದೇಶದ ಕಂಪನಿಗಳು ಅಗ್ಗದಲ್ಲಿ ಮಾಡುವುದು ನಿಲ್ಲಲಿಲ್ಲ. ನಾನು ನುಂಗುವುದು ಅದನ್ನೇ. ಆ ಕೇಸು ನಡೆಸಿದವರ ಮುಖ ನಾನು ನೋಡಿಲ್ಲ, ಆದರೆ ಅವರ ಋಣ ದೊಡ್ಡದು.

ಹತ್ತಿರದವರಿಗೆ ಏನು ಹೇಳಲಿ? ಮಾತ್ರೆ ನುಂಗಿದ ದಿನಗಳಿಗೆ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ನಮ್ಮ ಯಜಮಾನರು, ನಸುಕಿನ ರೈಲಿಗೆ ಚಿತ್ರಾನ್ನ ಕಟ್ಟಿಕೊಡುವ ಅತ್ತೆ, ಒಂದೇ ಸಲಕ್ಕೆ ನರ ಹುಡುಕುವ ಸಿಸ್ಟರ್. ಬೆಳಿಗ್ಗೆ ರೆಪ್ಪೆ ಊದಿರುವುದು ಕಂಡು ಪಕ್ಕದ ಮನೆಯವರು "ಅತ್ತಿದ್ದೀಯೇನೇ?" ಅಂತ ಕೇಳುತ್ತಿದ್ದರು. ಇಲ್ಲ ಕಣಕ್ಕ, ಮಾತ್ರೆ ಕೆಲಸ ಅದು. ರಾತ್ರಿ ಮೀನಖಂಡ ಹಿಡಿದುಕೊಳ್ಳುವುದೂ ಅದೇ.

ಹಬ್ಬಕ್ಕೆ ಅಂತ ಕೊಟ್ಟ ರವಿಕೆ ಹಬ್ಬ ಕಳೆದು ಕೈಗೆ ಬಂದರೂ ಬೇರೆ ಟೈಲರ್ ಹತ್ತಿರ ಹೋಗದ ಗಿರಾಕಿಗಳಿಗೆ ಕೈ ಮುಗಿಯುತ್ತೇನೆ.

ಜಾನೆಟ್ ಅಮ್ಮ 2013ರ ಡಿಸೆಂಬರಿನಲ್ಲೇ ತೀರಿಕೊಂಡರು. ನನಗೆ ಕಾಯಿಲೆ ಗೊತ್ತಾಗುವ ಮುಂಚೆಯೇ. ಹೇಳಬೇಕಾದವರಿಗೆ ಹೇಳಲಾಗದ್ದು ಇಲ್ಲಿ ಬರೆದೆ.

ಮುಂದಿನ ಪರೀಕ್ಷೆ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಗೌರಿ ಹಬ್ಬದ ಇಪ್ಪತ್ತು ರವಿಕೆ ಮುಗಿಸಬೇಕು.