ಬೆನ್ನುಮೂಳೆಗೆ ಹಾಕಿದ ಕೃತಕ ಮೂಳೆಯ ವಿವರ ಕೊಡದ ಬಗ್ಗೆ ದೂರು

ಗೋಣಿಕೊಪ್ಪ, ಕೊಡಗು

ಇವರಿಗೆ,
ವೈದ್ಯಕೀಯ ಅಧೀಕ್ಷಕರು

ಮಾನ್ಯರೇ,

ಈ ಸಲ ಕಾಫಿ ಕೊಯ್ಲು ಮುಗಿದ ಮೇಲೆ ನಮ್ಮ ತಂದೆಯವರಿಗೆ ನಿಮ್ಮ ಆಸ್ಪತ್ರೆಯಲ್ಲಿ ಸ್ಪೈನಲ್ ಫ್ಯೂಷನ್ (ಬೆನ್ನುಮೂಳೆಗಳನ್ನು ಒಂದಕ್ಕೊಂದು ಬೆಸೆಯುವ) ಆಪರೇಷನ್ ಆಯಿತು. ಡಾಕ್ಟರ ಕೈಗುಣದ ಬಗ್ಗೆ ತಕರಾರಿಲ್ಲ, ಅಪ್ಪ ತೋಟದ ಗೇಟಿನವರೆಗೆ ನಡೆದು ಬರುತ್ತಾರೆ. ನಮ್ಮ ದೂರು ನೀವು ಕೊಟ್ಟ ದಾಖಲೆಯ ಮೇಲೆ.

ಬಿಲ್ಲಿನಲ್ಲಿ ಸ್ಕ್ರೂ, ರಾಡುಗಳ ಕೆಳಗೆ ‘ಬೋನ್ ಗ್ರಾಫ್ಟ್ 10 ಸಿಸಿ’ ಎಂದಷ್ಟೇ ಬರೆದು ದೊಡ್ಡ ಮೊತ್ತ ಹಾಕಿದ್ದೀರಿ. ಸ್ಕ್ರೂಗಳ ಸ್ಟಿಕ್ಕರ್ ಡಿಸ್ಚಾರ್ಜ್ ಫೈಲಿನಲ್ಲಿ ಅಂಟಿಸಿದೆ, ಗ್ರಾಫ್ಟಿನದು, ಅಂದರೆ ಒಳಗೆ ತುಂಬಿದ ಕೃತಕ ಮೂಳೆಯದು, ಇಲ್ಲ. ಬಿಲ್ಲಿಂಗ್‌ನವರು ಸ್ಟೋರ್ ಕೇಳಿ ಎಂದರು, ಸ್ಟೋರಿನವರು ಓಟಿ (ಆಪರೇಷನ್ ಥಿಯೇಟರ್) ಕೇಳಿ ಎಂದರು. ಕೊನೆಗೆ ಬಂದ ಇಮೇಲ್: ‘ಸ್ಟ್ಯಾಂಡರ್ಡ್ ಮೆಟೀರಿಯಲ್ ಬಳಸಲಾಗಿದೆ.’ ಅಪ್ಪನ ಮೈಯೊಳಗೆ ಇರುವ ವಸ್ತುವಿಗೆ ಇದು ಉತ್ತರವೇ?

ಮಡಿಕೇರಿಯಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರು ಮೊದಲು ಕೇಳಿದ್ದೇ ಒಳಗೆ ಹಾಕಿದ್ದು ಯಾವುದು ಎಂದು. ಕೃತಕ ಮೂಳೆಯಲ್ಲಿ ಬೇರೆ ಬೇರೆ ಬಗೆಗಳಿವೆ: ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಆದರೆ ತಿಂಗಳುಗಟ್ಟಲೆ ನಿಧಾನವಾಗಿ ಕರಗುತ್ತಾ ಆ ಜಾಗಕ್ಕೆ ಸ್ವಂತ ಮೂಳೆ ಬರಬೇಕು. ಹೈಡ್ರಾಕ್ಸಿಅಪಟೈಟ್ ಆದರೆ ವರ್ಷಗಟ್ಟಲೆ ಉಳಿಯುತ್ತದೆ. ಎರಡೂ ಎಕ್ಸ್‌ರೇಯಲ್ಲಿ ಬಿಳಿಯಾಗೇ ಕಾಣುತ್ತವೆ. ಕಾಣುತ್ತಿರುವುದು ಬೆಳೆದ ಮೂಳೆಯೋ, ನೀವು ತುಂಬಿದ ಹರಳೋ ಎಂದು ಅವರು ಹೇಗೆ ಹೇಳಬೇಕು? ಅಲ್ಲಿಯವರೆಗೆ ಅಪ್ಪ ಬೆಲ್ಟ್ ಬಿಚ್ಚುವ ಹಾಗಿಲ್ಲ, ಒಂದು ಕೊಡ ನೀರು ಎತ್ತುವ ಹಾಗಿಲ್ಲ.

ಅಪ್ಪನ ಸೊಂಟದ ಮೂಳೆಯಿಂದ ಚೂರು ತೆಗೆದರೆ ಅಲ್ಲಿ ನೋವು ಉಳಿಯಬಹುದು, ಕೃತಕದ್ದೇ ಹಾಕೋಣ ಎಂದು ನೀವು ಹೇಳಿದಾಗ ನಂಬಿ ಸಹಿ ಹಾಕಿದೆವು. ಈ ಹರಳುಗಳಲ್ಲಿ ಜೀವಕೋಶ ಇರುವುದಿಲ್ಲ, ಮೆಣಸಿನ ಬಳ್ಳಿಗೆ ಆಸರೆ ಮರದ ಹಾಗೆ ಮೂಳೆ ಹಬ್ಬಲು ಜಾಗ ಕೊಡುತ್ತವೆ ಅಷ್ಟೆ. ಆದ್ದರಿಂದ ಅಪ್ಪನದೇ ಮೂಳೆಯ ಚೂರು ಬೆರೆಸಿದ್ದೀರಾ ಎಂಬುದೂ ನಮಗೆ ತಿಳಿಯಬೇಕು.

2017ರ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ಪ್ಯಾಕೆಟ್ ಮೇಲೆ ತಯಾರಕರ ಹೆಸರು, ಲಾಟ್ ಅಥವಾ ಬ್ಯಾಚ್ ನಂಬರ್ ಇರಲೇಬೇಕು. ಅಂದಮೇಲೆ ಆ ವಿವರ ನಿಮ್ಮ ಓಟಿಯೊಳಗೆ ಬಂದೇ ಇತ್ತು. ನಾಳೆ ಆ ಲಾಟ್‌ನಲ್ಲಿ ದೋಷ ಸಿಕ್ಕಿ ಕಂಪನಿ ವಾಪಸ್ ಕರೆಸಿದರೆ ನಮಗೆ ಯಾರು ತಿಳಿಸುತ್ತಾರೆ?

ಗ್ರಾಫ್ಟಿನ ಹೆಸರು, ತಯಾರಕರು, ಲಾಟ್ ನಂಬರ್, ಎಕ್ಸ್‌ಪೈರಿ ದಿನಾಂಕ ಹಾಗೂ ಆಪರೇಷನ್ ನೋಟ್‌ನ ಪ್ರತಿಯನ್ನು ಲಿಖಿತವಾಗಿ ಕೊಡಿ. ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ಬರದಿದ್ದರೆ ಕೊಡಗು ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸವಿರುವ ಜಿಲ್ಲೆಯಲ್ಲೇ ಅದಕ್ಕೆ ಅವಕಾಶವಿದೆ.

ಇಂತಿ,
ರೋಗಿಯ ಮಗಳು